ಮಾರಾಟಕ್ಕೆ ನಿಂತ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ‘ಮನೆ ಮಾರಿ ನೋಡು’ ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮರ್ಯಾದೆಯನ್ನು ಮಾರಿಕೊಂಡಂತೆ. ಅದನ್ನು ಗಾದೆಯಲ್ಲಿ ತರಲು ಬಾಯಿ ಬಂದಿರಲಾರದು. ಈಗ ಕಾಲ ಹಾಗಿಲ್ಲ. ಮಕ್ಕಳು ಒಂದೂರಿನಲ್ಲಿ, ಆಸ್ಪತ್ರೆ ಇನ್ನೊಂದೂರಿನಲ್ಲಿ, ಮನೆ ಮತ್ತೊಂದೂರಿನಲ್ಲಿ. ಒಮ್ಮೆಯಾದರೂ ಈ ಪ್ರಸಂಗವನ್ನು ಎದುರಿಸದ ಮಧ್ಯಮವರ್ಗದ ಸಂಸಾರ ವಿರಳವೆಂದೇ ಹೇಳಬೇಕು. ಕಟ್ಟುವವನಿಗೆ ಬುದ್ಧಿ ಹೇಳಲು ಊರೆಲ್ಲ ಜನವಿರುತ್ತಾರೆ. ಮಾರುವವನಿಗೆ ಬುದ್ಧಿ ಹೇಳುವವನು ಕೊಳ್ಳಲು ಬಂದವನೊಬ್ಬನೇ. ಅವನು ಹೇಳುವ ಒಂದೊಂದು ಮಾತಿಗೂ ಮನೆಯ ಬೆಲೆ ಒಂದೊಂದು ಮೆಟ್ಟಿಲು ಇಳಿಯುತ್ತ ಹೋಗುತ್ತದೆ.

ಈ ಇಳಿಯುವ ಕ್ರಮವನ್ನು ನಾನು ಕಣ್ಣಾರೆ ಕಂಡದ್ದು ನನ್ನ ಸೋದರಮಾವನ ಮನೆಯಲ್ಲಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ.

ಮಾರ್ಕೋನಹಳ್ಳಿ ಎಂದೊಡನೆ ವಾಚಕರಿಗೆ ನೆನಪಾಗುವುದು ಅಲ್ಲಿಯ ಜಲಾಶಯ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಶಿಂಷಾ ನದಿಗೆ ಅಲ್ಲಿ ಅಡ್ಡಲಾಗಿ ಕಟ್ಟೆ ಕಟ್ಟಿದ್ದಾರೆ. ಹಿಡಿಯುವ ನೀರು ಸುಮಾರು 240 ಕೋಟಿ ಘನ ಅಡಿ. ಆದರೆ ಜನ ಹೋಗಿ ನೋಡುವುದು ನೀರಿನ ರಾಶಿಯನ್ನಲ್ಲ, ಅಲ್ಲಿಯ ಸೈಫನ್ನನ್ನು. ಬಾಗಿಲಿಲ್ಲ, ಚಕ್ರವಿಲ್ಲ, ತಿರುಗಿಸುವ ಮನುಷ್ಯನಿಲ್ಲ. ನೀರು ತುಂಬುವ ಮಟ್ಟವನ್ನು ಮೀರಿತೆಂದರೆ ಒಳಗಿನ ಗಾಳಿಯನ್ನು ತಾನೇ ಹೊರದೂಡಿ ಹರಿಯತೊಡಗುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕೊಡನೆ ತಾನೇ ನಿಲ್ಲುತ್ತದೆ. ಕೆಳಗೆ ನೀರಾಟಕ್ಕೆ ಇಳಿದವರಿಗೆ ಮುನ್ಸೂಚನೆಯೆಂಬುದು ಇರುವುದಿಲ್ಲವಾದ ಕಾರಣ, ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರು ದೂರದಿಂದಲೇ ನೋಡಿ ಬರುವುದು ಕ್ಷೇಮ.

ಈ ಜಲಾಶಯದಿಂದ ನಾಲೆಗೆ ನೀರು ಬಿಡುವ ಇಲಾಖೆಯಲ್ಲಿ ನನ್ನ ತಾತ, ತಾಯಿಯ ತಂದೆ, ಸಣ್ಣದೊಂದು ನೌಕರಿಯಲ್ಲಿದ್ದರು. ಆ ಸಂಬಳದಲ್ಲಿ ಉಳಿಸಿ 1974ರಲ್ಲಿ ಊರೊಳಗೆ ಒಂದು ಹೆಂಚಿನ ಮನೆಯನ್ನು ಕಟ್ಟಿದರು. ತಾತ 1998ರಲ್ಲಿ ತೀರಿಕೊಂಡರು, ಅಜ್ಜಿ 2006ರಲ್ಲಿ. ಮನೆಯಲ್ಲಿ ಉಳಿದವರು ಮಾವ ಮತ್ತು ಅತ್ತೆ. ಈಗ ಎರಡು ವರ್ಷಗಳಿಂದ ಅತ್ತೆಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗಬೇಕು. ಬೆಳಗಿನ ಜಾವ ಎದ್ದು ಬಸ್ಸು ಹಿಡಿದು ಕುಣಿಗಲ್ಲು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತುಮಕೂರು; ಸಂಜೆ ಸೋತ ಜೀವವನ್ನು ಹೊತ್ತುಕೊಂಡು ಅದೇ ದಾರಿ ಹಿಂದಕ್ಕೆ. ಈ ಓಡಾಟ ಇನ್ನು ಸಾಧ್ಯವಿಲ್ಲ, ಮನೆ ಮಾರಿ ತುಮಕೂರಿನಲ್ಲಿ ಆಸ್ಪತ್ರೆಯ ಹತ್ತಿರ ಬಾಡಿಗೆಗೆ ಇರುವುದೆಂದು ಮಾವ ನಿಶ್ಚಯಿಸಿದರು. ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು, ನಾಲ್ಕು ಅಕ್ಷರ ಬಲ್ಲವನೆಂದು, ವ್ಯವಹಾರದ ದಿನ ಜೊತೆಗಿರಲು ಕರೆದರು. ಹಳಗನ್ನಡ ವ್ಯಾಕರಣಕ್ಕೂ ಸಬ್‌ರಿಜಿಸ್ಟ್ರಾರರ ಕಚೇರಿಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ.

ಮಾವನ ಮನಸ್ಸಿನಲ್ಲಿದ್ದ ಬೆಲೆ ಮೂವತ್ತು ಲಕ್ಷ. ಆ ಲೆಕ್ಕಕ್ಕೆ ಆಧಾರವಿಲ್ಲದೆ ಇರಲಿಲ್ಲ. ಬೆಂಗಳೂರು–ಹಾಸನ ರೈಲು 2017ರಿಂದ ಕುಣಿಗಲ್ಲಿನ ಮೇಲೆ ಹೋಗುತ್ತದೆ, ಹೆದ್ದಾರಿಯಿದೆ, ಸಮೀಪದಲ್ಲಿ ಯಡಿಯೂರು ಸಿದ್ಧಲಿಂಗೇಶ್ವರರ ಕ್ಷೇತ್ರ. ಜೊತೆಗೆ ನೀರಿನ ನೋಟ. ಬೆಂಗಳೂರಿನಲ್ಲಿ ದುಡಿದು ನಿವೃತ್ತರಾದವರಿಗೆ ಇಂತಹ ಸ್ಥಳದ ಮೇಲೆ ಒಂದು ಮೋಹ ಇದ್ದೇ ಇದೆ. ಬಂದ ಗಿರಾಕಿಯೂ ಅಂಥವರೇ: ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿದವರು, ಮಿತಭಾಷಿ. ಮಿತಭಾಷಿಗಳಾದ ಗಿರಾಕಿಗಳಿಗೆ ವಾಚಕರು ಹೆದರಬೇಕು.

ಅವರು ಮೊದಲು ನೋಡಿದ್ದು ಮನೆಯನ್ನಲ್ಲ, ಬೀದಿಯನ್ನು. ತಾತನ ಕಾಲದಲ್ಲಿ ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ಜಗಲಿಗೆ ಬರಬೇಕಾಗಿತ್ತು. ಅನಂತರ ಮಣ್ಣಿನ ಬೀದಿಗೆ ಜಲ್ಲಿ ಬಿತ್ತು. ಜಲ್ಲಿಯ ಮೇಲೆ ಕಾಂಕ್ರೀಟು. ಆ ಕಾಂಕ್ರೀಟನ್ನು ಕೀಳದೆ ಅದರ ಮೇಲೆ ಇನ್ನೊಂದು ಕಾಂಕ್ರೀಟು. ಈಗ ಉಳಿದಿರುವುದು ಒಂದೇ ಮೆಟ್ಟಿಲು, ಅದೂ ಅರ್ಧ. “ಮಳೆ ನೀರು ಒಳಗೆ ಬರುತ್ತದೆಯೇ?” ಎಂದು ಕೇಳಿದರು. “ಯಾವಾಗಲೋ ಒಮ್ಮೆ” ಎಂದರು ಮಾವ. ಬ್ಯಾಂಕಿನವರು ತಲೆಯಾಡಿಸಿದರು. ಒಂದು ಲಕ್ಷ ಹೋಯಿತೆಂದು ನನಗೆ ಗೊತ್ತಾಯಿತು.

ಇದು ಹಳ್ಳಿಗೆ ಮಾತ್ರ ಬಂದ ಕಷ್ಟವೆಂದು ಭಾವಿಸಬೇಡಿ. ತುಮಕೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ರಸ್ತೆ ಎದ್ದಿದೆ, ಮನೆ ಕುಳಿತಿದೆ. ತಪ್ಪು ಮನೆಯೊಡೆಯನದಲ್ಲ, ದಂಡ ಮಾತ್ರ ಅವನದು.

ಅಲ್ಲಿಂದ ಗೋಡೆ. ನಡುಮನೆಯ ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ತೇವವೇರಿ ಉಪ್ಪು ಹೂ ಬಿಟ್ಟಿತ್ತು. ಮಾವ ಗಿರಾಕಿ ಬರುವ ವಾರದ ಮೊದಲು ಬಣ್ಣ ಹೊಡೆಸಿದ್ದರು. ಆ ಬಣ್ಣವೇ ಚಾಡಿ ಹೇಳಿತು. ಇಡೀ ಮನೆಗೆ ಹಳೆಯ ಬಣ್ಣವಿದ್ದು ಒಂದು ಮೂಲೆಗೆ ಮಾತ್ರ ಹೊಸ ಬಣ್ಣವಿದ್ದರೆ, ಕಣ್ಣು ಅಲ್ಲಿಗೇ ಹೋಗುತ್ತದಲ್ಲವೆ? ಇದಕ್ಕಿಂತ ಹಿಂದೆ ಮಾಡಿದ್ದ ಇನ್ನೊಂದು ಪ್ರಮಾದವೂ ಇತ್ತು. ಹಳೆಯ ಗೋಡೆ ಮಣ್ಣುಗಾರೆಯದು. ಅದು ನೆಲದಿಂದ ಹೀರಿದ ತೇವವನ್ನು ಮೈಯಿಂದ ಹೊರಗೆ ಬಿಡುತ್ತ ಬದುಕುವ ಗೋಡೆ. ಭದ್ರವಾಗಲೆಂದು ಅದಕ್ಕೆ ಸಿಮೆಂಟಿನ ಗಿಲಾವು ಬಳಿಸಿದರೆ, ಹೊರಬರಲಾರದ ತೇವ ಮೇಲಕ್ಕೇರುತ್ತದೆ. ಹಣ ಖರ್ಚುಮಾಡಿ ಬೆಲೆ ಕಳೆದುಕೊಳ್ಳುವುದೆಂದರೆ ಇದೇ. ನಗರದಲ್ಲಿ ಇದರ ಬೇರೆ ರೂಪಗಳಿವೆ: ಹದಿನೈದು ಲಕ್ಷ ಸುರಿದು ಕರಿಯ ಗ್ರಾನೈಟು ಹಾಸಿ, ಛಾವಣಿಯ ಕೆಳಗೆ ಇನ್ನೊಂದು ಬಣ್ಣದ ಛಾವಣಿ ಇಳಿಬಿಟ್ಟ ಯಜಮಾನನು ಆ ಹದಿನೈದನ್ನೂ ಬೆಲೆಗೆ ಸೇರಿಸುತ್ತಾನೆ, ಕೊಳ್ಳುವವನು ಅದನ್ನು ಕಿತ್ತುಹಾಕುವ ಕೂಲಿಯನ್ನು ಕಳೆಯುತ್ತಾನೆ. ನಿವೇಶನದ ಬೆಲೆ ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ಏರುತ್ತದೆ, ಕಟ್ಟಡಕ್ಕೆ ವಯಸ್ಸಾಗುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿದವನು ಪೇಟೆಯಲ್ಲಿ ನಗೆಪಾಟಲಾಗುತ್ತಾನೆ.

ವಾಸ್ತುವಿನ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮನೆಯ ಬಾಗಿಲು ತೆಂಕಣಕ್ಕೆ. ನಿವೇಶನ ಮುಂದೆ ಅಗಲ, ಹಿಂದೆ ಕಿರಿದು. ಶಾಸ್ತ್ರದವರು ಇದನ್ನು ವ್ಯಾಘ್ರಮುಖವೆಂದು ಹಳಿಯುತ್ತಾರೆ. ನನಗೆ ಇದರಲ್ಲಿ ನಂಬಿಕೆಯಿಲ್ಲ, ಬ್ಯಾಂಕಿನವರಿಗೂ ಇರಲಿಲ್ಲ. ಆದರೂ ಅವರು, “ನನಗಿಲ್ಲ, ಆದರೆ ನಾಳೆ ನಾನು ಮಾರುವಾಗ ಬರುವವನಿಗೆ ಇರಬಹುದಲ್ಲ ಮೇಷ್ಟ್ರೇ” ಎಂದು ಇನ್ನಷ್ಟು ಕಳೆದರು. ಈ ತರ್ಕಕ್ಕೆ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಯಾರೂ ನಂಬದ ಒಂದು ಸಂಗತಿ, ಬೇರೆಯವರು ನಂಬಿಯಾರೆಂಬ ಒಂದೇ ಶಂಕೆಯಿಂದ ಎಲ್ಲರ ಜೇಬಿಗೂ ಕೈಹಾಕುತ್ತದೆ.

ಇಷ್ಟರಲ್ಲಿ ಒಳಗಿನಿಂದ ಕಾಫಿ ತಂದ ಅತ್ತೆಯ ತೋಳಿನ ಮೇಲಿದ್ದ ಪಟ್ಟಿಯನ್ನು ಅವರು ನೋಡಿದರು. “ಚಿಕಿತ್ಸೆ ಎಲ್ಲಿ?” ಎಂದು ಮರುಕದಿಂದಲೇ ಕೇಳಿದರು. ಮಾವ ಎಲ್ಲವನ್ನೂ ಹೇಳಿಕೊಂಡರು. ಬೇಗ ಹೋಗಬೇಕಾಗಿದೆ ಎಂದೂ ಹೇಳಿದರು. ಬಂದವರು ಸಜ್ಜನರು, ಅದರಲ್ಲಿ ಸಂದೇಹವಿಲ್ಲ. ಆದರೂ ಆ ಕಾಫಿಯಾದ ಮೇಲೆ ಅವರು ಆಡಿದ ಬೆಲೆ ಇಪ್ಪತ್ತನಾಲ್ಕು ಲಕ್ಷ. ಮಾರುವವನ ಆತುರದಷ್ಟು ಬೆಲೆ ಇಳಿಸುವ ದೋಷ ಗೋಡೆಯಲ್ಲಿಯೂ ಇಲ್ಲ, ವಾಸ್ತುವಿನಲ್ಲಿಯೂ ಇಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ” ಎಂದರು.

ಇನ್ನು ಕಾಗದಪತ್ರಗಳು. ಗಿರಾಕಿಯ ಜೊತೆಗೆ ಒಬ್ಬ ವಕೀಲರು ಬಂದಿದ್ದರು. ಗ್ರಾಮಠಾಣದ ಸ್ವತ್ತು; ಇ-ಸ್ವತ್ತಿನ ನಮೂನೆ 9 ಮತ್ತು 11 ಸರಿಯಾಗಿದ್ದವು, ಖಾತೆ ಮಾವನ ಹೆಸರಿನಲ್ಲಿಯೇ ಇತ್ತು, ಕಂದಾಯ ಬಾಕಿಯಿರಲಿಲ್ಲ. ಋಣಭಾರ ಪ್ರಮಾಣಪತ್ರ ನಮೂನೆ 16ರಲ್ಲಿ ಬಂದಿತ್ತು, ಎಂದರೆ ಹುಡುಕಿದ ಅವಧಿಯಲ್ಲಿ ನೋಂದಣಿಯಾದ ಯಾವ ವ್ಯವಹಾರವೂ ಸ್ವತ್ತಿನ ಮೇಲಿಲ್ಲ. ಇದ್ದಿದ್ದರೆ ಅದು ನಮೂನೆ 15ರಲ್ಲಿ ಬರುತ್ತದೆ. ನಮ್ಮ ಶಾಸನಗಳಲ್ಲಿ ಭೂಮಿಯನ್ನು ದತ್ತಿ ಬಿಡುವಾಗ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳಿ ‘ಸರ್ವಬಾಧಾಪರಿಹಾರ’ವೆಂದು ಕಂಡರಿಸುತ್ತಿದ್ದರು. ಆ ಕಲ್ಲಿನ ಮಾತು ಇಂದು ಕಾಗದಕ್ಕೆ ಇಳಿದಿದೆಯೆಂದು ನಾನು ಮನಸ್ಸಿನಲ್ಲಿಯೇ ಸಂತೋಷಪಡುತ್ತಿದ್ದೆ. ಆಗ ವಕೀಲರು ಕನ್ನಡಕವನ್ನು ಮೇಲೆತ್ತಿ ನನ್ನ ಕಡೆ ನೋಡಿದರು.

“ಇವರು ತಮಗೆ ಏನಾಗಬೇಕೆಂದಿರಿ?”

“ನಮ್ಮ ಅಕ್ಕನ ಮಗ ಸ್ವಾಮಿ” ಎಂದರು ಮಾವ, ಹೆಮ್ಮೆಯಿಂದ.

“ಒಡಹುಟ್ಟಿದ ಅಕ್ಕನೋ?”

“ಹೌದು. ನಾವಿಬ್ಬರೇ ಮಕ್ಕಳು.”

“ವಂಶವೃಕ್ಷದಲ್ಲಿ ಮಕ್ಕಳು ಒಬ್ಬರೇ ಎಂದು ಇದೆಯಲ್ಲ!”

ಮೇಜಿನ ಮೇಲಿದ್ದ ಹಾಳೆಯನ್ನು ನಾನೂ ನೋಡಿದೆ. ತಾತನ ಹೆಸರು, ಅಜ್ಜಿಯ ಹೆಸರು, ಅವರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಮಾವನ ಹೆಸರು. ಆ ಮರದಲ್ಲಿ ನನ್ನ ತಾಯಿ ಎಂಬ ಕೊಂಬೆಯೇ ಇರಲಿಲ್ಲ. ಅದರಂತೆ ನೋಡಿದರೆ ನಾನೂ ಹುಟ್ಟಿರಲಿಲ್ಲ.

ಮಾವ ಮೋಸಗಾರರಲ್ಲ. ಅಜ್ಜಿ ತೀರಿಕೊಂಡ ಮೇಲೆ ಖಾತೆ ಬದಲಾಯಿಸಲು ಹೋದಾಗ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬರೆಸುವ ರೂಢಿ ಊರಿನಲ್ಲಿ ಇರಲಿಲ್ಲ. ಬರೆದವರು ಕೇಳಲಿಲ್ಲ, ಇವರು ಹೇಳಲಿಲ್ಲ. ಅಷ್ಟೆ. ಆದರೆ ರೂಢಿ ಬೇರೆ, ಕಾನೂನು ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ತಂದೆಯ ಸ್ವಯಾರ್ಜಿತ ಸ್ವತ್ತು, ಉಯಿಲು ಬರೆಯದೆ ಅವನು ತೀರಿಕೊಂಡರೆ, ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಸೇರುತ್ತದೆ. ವಾಸದ ಮನೆಯಾದರೆ ಮಾತ್ರ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಗಳು ಪಾಲು ಕೇಳುವಂತಿಲ್ಲ ಎಂಬ ತಡೆಯೊಂದು 23ನೆಯ ಪ್ರಕರಣದಲ್ಲಿತ್ತು. 2005ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಪಿತ್ರಾರ್ಜಿತದ ಕಥೆ ಇನ್ನೂ ಸುತ್ತುಬಳಸಿನದು: ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಹಕ್ಕೆಂದು ಕರ್ನಾಟಕವು 1994ರಲ್ಲಿಯೇ ಕಾನೂನು ಮಾಡಿದರೂ, ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು, 2005ರಲ್ಲಿ ಆ ಭೇದ ಹೋಯಿತು, ಆ ವೇಳೆಗೆ ತಂದೆ ಬದುಕಿರಲೇಬೇಕೆಂಬುದಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. ನಮ್ಮ ಮನೆಯಾದರೋ ತಾತನ ಸಂಬಳದ ಮನೆ. ಇಬ್ಬರೇ ಮಕ್ಕಳು. ಅರ್ಧ ಮಾವನದು, ಅರ್ಧ ನನ್ನ ತಾಯಿಯದು. ಖಾತೆಯಲ್ಲಿ ಯಾರ ಹೆಸರಿದೆಯೆಂಬುದು ಕಂದಾಯ ಕಟ್ಟುವುದಕ್ಕೆ. ಒಡೆತನಕ್ಕೆ ಅದು ಆಧಾರವಲ್ಲ. ಅರ್ಧದ ಒಡೆಯ ಇಡಿಯನ್ನು ಮಾರಿದರೆ ಕೊಂಡವನಿಗೆ ದಕ್ಕುವುದು ಅರ್ಧವೇ.

“ಇವರ ತಾಯಿಯವರ ಸಹಿಯಿಲ್ಲದೆ ನಮ್ಮ ಕಕ್ಷಿಗಾರರು ಕೊಳ್ಳಲಾರರು” ಎಂದು ವಕೀಲರು ಹಾಳೆಗಳನ್ನು ಮಡಚಿದರು. ಬೇರೊಬ್ಬ ದಲ್ಲಾಳಿ, ಆ ವಾರದಲ್ಲಿಯೇ, ಕಾಗದ ಹೇಗಿದ್ದರೆ ಹಾಗೆಯೇ ಹದಿನಾರು ಲಕ್ಷಕ್ಕೆ ಕೊಳ್ಳುತ್ತೇನೆಂದು ಹೇಳಿಕಳುಹಿಸಿದ. ಅದೂ ಸಹಜವೇ. ಹಕ್ಕು ಸ್ಪಷ್ಟವಿಲ್ಲದ ಸ್ವತ್ತಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ ಹುಟ್ಟದ ಸ್ವತ್ತಿಗೆ ಕೈಯಲ್ಲಿ ಇಡುಗಂಟಿರುವವನೇ ಗಿರಾಕಿ. ಅಂಥವರು ಕಡಮೆ, ಇದ್ದವರೂ ವ್ಯಾಜ್ಯದ ಖರ್ಚನ್ನು ಮೊದಲೇ ಕಳೆದು ಬೆಲೆ ಕಟ್ಟುತ್ತಾರೆ. ನಗರದಲ್ಲಿ ನಕ್ಷೆ ಮೀರಿ ಮಹಡಿಯೇರಿಸಿದವರ ಗತಿಯೂ ಇದಕ್ಕಿಂತ ಬೇರೆಯಲ್ಲ. ಅಕ್ರಮ–ಸಕ್ರಮವನ್ನು ನಂಬಿ ಕುಳಿತವರಿಗೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಬಾರದೆಂದಿತು. ಇಟ್ಟಿಗೆ ಎಷ್ಟೇ ಗಟ್ಟಿಯಾಗಿರಲಿ, ಕಾಗದ ಮೆತ್ತಗಿದ್ದರೆ ಮನೆ ಅಲ್ಲಾಡುತ್ತದೆ.

ಮಾವ ಆ ರಾತ್ರಿ ನನಗೆ ಫೋನು ಮಾಡಿದರು. “ಅಕ್ಕನಿಗೆ ನೀನೇ ಹೇಳಪ್ಪ. ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ. ಖರ್ಚೂ ಹೆಚ್ಚಿಲ್ಲವಂತೆ.” ಆ ಮಾತನ್ನು ತಾಯಿಯ ಮುಂದೆ ಆಡುವುದು ನನಗೆ ಎಷ್ಟು ಕಷ್ಟವಾಯಿತೆಂದು ಬರೆಯಲಾರೆ. ಒಂದು ಕಡೆ ಅತ್ತೆಯ ತೋಳಿನ ಪಟ್ಟಿ ಕಣ್ಣಿನ ಮುಂದಿತ್ತು. ಇನ್ನೊಂದು ಕಡೆ, ನಾನೇ ಮಗನಾಗಿ ತಾಯಿಯನ್ನು ಅವಳ ತವರಿನ ಕಾಗದದಿಂದ ಎರಡನೆಯ ಸಲ ಹೊರಗೆ ಕರೆತರಲು ಹೊರಟಿದ್ದೆ.

ಅಮ್ಮ ಸಿಟ್ಟಾಗಲಿಲ್ಲ. ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, “ಭಾನುವಾರ ನನ್ನನ್ನು ಊರಿಗೆ ಕರೆದುಕೊಂಡು ಹೋಗು” ಎಂದಳು.

ಭಾನುವಾರ ಬ್ಯಾಂಕಿನವರೂ ಬಂದಿದ್ದರು. ಅಕ್ಕ–ತಮ್ಮ ಎದುರುಬದುರು ಕುಳಿತರು. ಮಾವ ಕಾಗದ ಮುಂದಿಟ್ಟರು.

“ಬಿಡೋದಕ್ಕೆ ಮುಂಚೆ ಇತ್ತು ಅಂತ ಬರೀಬೇಕಲ್ಲವೇನೋ?” ಎಂದಳು ಅಮ್ಮ. “ಆ ಮರದಲ್ಲಿ ನನ್ನ ಹೆಸರೇ ಇಲ್ಲವಂತೆ. ಇಲ್ಲದವಳು ಏನನ್ನು ಬಿಟ್ಟುಕೊಡಲಿ? ಮೊದಲು ನನ್ನ ಹೆಸರು ಬರೆಸು. ಆಮೇಲೆ ನಿನ್ನ ಪಕ್ಕದಲ್ಲಿ ನಿಂತು ಮಾರೋರ ಜಾಗದಲ್ಲಿ ಸಹಿ ಹಾಕ್ತೀನಿ.”

ಮಾವ ತಲೆ ತಗ್ಗಿಸಿ, “ತಪ್ಪಾಯಿತಕ್ಕ” ಎಂದರು. ಒಳಗಿನ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಲ್ಲಿ ಕಣ್ಣೊರಸಿಕೊಂಡರು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಅಮ್ಮ ಎದ್ದು ಮನೆಯನ್ನು ನೋಡುತ್ತ ಹಿಂದಿನ ಕೋಣೆಗೆ ಹೋದಳು. ಅಲ್ಲಿ ನೆಲಕ್ಕೆ ಹೊಸದಾಗಿ ಬಣ್ಣದ ವಿನೈಲ್ ಹಾಸು ಹಾಸಿತ್ತು. “ಇವರಿಗೆ ಬಾವಿ ವಿಷಯ ಹೇಳಿದೆಯಾ?” ಎಂದು ತಮ್ಮನನ್ನು ಕೇಳಿದಳು.

ಮಾವನ ಮುಖದ ಬಣ್ಣ ಹಾರಿತು.

ಹಿಂದೆ ಆ ಜಾಗದಲ್ಲಿ ಸೇದುವ ಬಾವಿಯಿತ್ತು. ಊರಿಗೆ ನಲ್ಲಿ ಬಂದ ಮೇಲೆ, 1988ರಲ್ಲಿ, ತಾತ ಅದನ್ನು ಮಣ್ಣು ತುಂಬಿಸಿ ಮುಚ್ಚಿಸಿ ಅದರ ಮೇಲೆಯೇ ಕೋಣೆಯನ್ನು ಕಟ್ಟಿಸಿದರಂತೆ. ಅಮ್ಮ ಆಗ ಬಾಣಂತನಕ್ಕೆ ಬಂದಿದ್ದಳು, ಬಗಲಲ್ಲಿ ನಾನಿದ್ದೆ. ತುಂಬಿದ ಮಣ್ಣು ವರ್ಷಗಳಲ್ಲಿ ಇಳಿದು ನೆಲ ಬಿರುಕು ಬಿಟ್ಟಿತ್ತು. ಹಾಸು ಬಂದದ್ದು ಆ ಬಿರುಕನ್ನು ಮುಚ್ಚಲು.

“ಅಕ್ಕಾ, ಇರೋದೇ ಇಷ್ಟು ಬೆಲೆ…” ಎಂದು ಮಾವ ತೊದಲಿದರು.

“ಇವರೂ ವಯಸ್ಸಾದವರು ಕಣೋ. ಮೊಮ್ಮಕ್ಕಳು ಬಂದು ಇಲ್ಲಿ ಮಲಗ್ತಾವೆ.”

ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಮಾರುವವನಿಗೆ ಮಾತ್ರ ತಿಳಿದ ಮುಖ್ಯ ದೋಷವನ್ನು ಹೇಳಿಬಿಡಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಲ್ಲಿದೆ. ಮುಚ್ಚಿಟ್ಟು ಮಾರಿದರೆ ಅದು ಮೋಸವೆನಿಸುತ್ತದೆ. ಅಮ್ಮ ಆ ಕಾಯಿದೆಯನ್ನು ಓದಿದವಳಲ್ಲ. ಬ್ಯಾಂಕಿನವರು ಹಾಸನ್ನು ಎತ್ತಿ ನೋಡಿದರು, ನೆಲವನ್ನು ಕಾಲಿನಿಂದ ತಟ್ಟಿ ನೋಡಿದರು, ತಮ್ಮ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಾನು ಉಸಿರು ಹಿಡಿದು ನಿಂತಿದ್ದೆ. “ನೆಲ ಅಗೆದು ಕಲ್ಲು ತುಂಬಿಸಿ ಗಟ್ಟಿಮಾಡಿಸಬೇಕು. ಐವತ್ತು ಸಾವಿರ ಕಳೆಯುತ್ತೇನೆ. ಇಪ್ಪತ್ಮೂರೂವರೆ. ಇದಕ್ಕಿಂತ ಕೆಳಗೆ ನಾನೂ ಕೇಳುವುದಿಲ್ಲ” ಎಂದರು.

ಹೊಸ ವಂಶವೃಕ್ಷ ಕೈಗೆ ಬರಲು ಆರು ವಾರ ಹಿಡಿಯಿತು. ಆ ಆರು ವಾರವೂ ಅತ್ತೆ ಬಸ್ಸಿನಲ್ಲಿಯೇ ಓಡಾಡಿದರು. ಮೂರು ಸಲ ನಾನು ಕಾರು ಗೊತ್ತುಮಾಡಿ ಕರೆತಂದೆ. ವಂಶವೃಕ್ಷ ಬರೆಸುವ ದಿನ ಹೆಣ್ಣುಮಗಳ ಹೆಸರನ್ನೂ ಹೇಳಿದ್ದರೆ ಒಂದು ನಿಮಿಷದ ಕೆಲಸ. ಇದನ್ನು ಓದುತ್ತಿರುವ ಗೃಹಸ್ಥರು ತಮ್ಮ ಬೀರುವಿನಲ್ಲಿರುವ ಹಾಳೆಯನ್ನು ಇಂದೇ ಒಮ್ಮೆ ತೆಗೆದು ನೋಡಿದರೆ ಚೆನ್ನು.

ಕುಣಿಗಲ್ಲಿನಲ್ಲಿ ಕ್ರಯಪತ್ರ ನೋಂದಣಿಯಾಯಿತು. ಮಾರುವವರು ಇಬ್ಬರು: ಮೊದಲು ಅಕ್ಕ, ಅನಂತರ ತಮ್ಮ. ಹೆಬ್ಬೆರಳು ಒತ್ತಿದ್ದಾಯಿತು, ಭಾವಚಿತ್ರ ತೆಗೆದದ್ದಾಯಿತು. ಹಣ ಎರಡು ಖಾತೆಗಳಿಗೆ ಸಮನಾಗಿ ಬಂತು. ತನ್ನ ಅರ್ಧವನ್ನು ಅಮ್ಮ ಏನು ಮಾಡಿದಳೆಂಬುದು ಅಕ್ಕ–ತಮ್ಮಂದಿರಿಗೆ ಸೇರಿದ ಮಾತು. ನಾನು ಕೇಳಿಲ್ಲ.

ಹೊರಗೆ ಬಂದ ಮೇಲೆ ಬ್ಯಾಂಕಿನವರು ಅಮ್ಮನ ಹತ್ತಿರ ಬಂದು, “ತಾಯೀ, ಬಾವಿಯ ಬಾಯಿ ಸರಿಯಾಗಿ ಎಲ್ಲಿತ್ತೆಂದು ಒಮ್ಮೆ ತೋರಿಸಿಕೊಟ್ಟರೆ ಕೆಲಸದವರಿಗೆ ಅನುಕೂಲ” ಎಂದರು. ಎಲ್ಲರೂ ಮತ್ತೆ ಮಾರ್ಕೋನಹಳ್ಳಿಗೆ ಹೋದೆವು. ಬೀಗದ ಕೈಯನ್ನು ಮಾವ ಹೊಸ ಯಜಮಾನರಿಗೆ ಕೊಟ್ಟರು, ಬಾಗಿಲನ್ನು ಅವರೇ ತೆಗೆದರು. ಅಮ್ಮ ಅಡುಗೆಮನೆಯ ಹೊಸ್ತಿಲಿನ ಮೇಲೆ ನಿಂತು, ಕೊಡ ಹೊತ್ತವಳ ಹಾಗೆ ಸೊಂಟಕ್ಕೆ ಕೈಯಿಟ್ಟುಕೊಂಡು, ಎಣಿಸುತ್ತ ನಡೆದಳು. ಏಳು ಹೆಜ್ಜೆಗೆ ನಿಂತಳು. ಬ್ಯಾಂಕಿನವರು ಬಗ್ಗಿ ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಎಳೆದರು.